ಅರಿಶಿನ ತಿಂದ ತೋಳ

ನಾಲ್ಕು ವರ್ಷ ನಾನು ತೋಳದ ಹಿಕ್ಕೆ ಹೆಕ್ಕಿದ್ದೇನೆ. ಇದನ್ನು ಮದುವೆ ಮನೆಗಳಲ್ಲಿ ಹೇಳುವುದು ಕಷ್ಟ. ಅದಕ್ಕೇ ಅವ್ವ ನೆಂಟರ ಮುಂದೆ, "ನಮ್ಮ ಹುಡುಗಿ ಫಾರೆಸ್ಟಿನ್ಯಾಗ ಏನೋ ಓದಾಕತ್ತಾಳ" ಎಂದು ಮಾತು ಮುಗಿಸಿ ಉಪ್ಪಿನಕಾಯಿ ಬಡಿಸಲು ಎದ್ದುಬಿಡುತ್ತಿದ್ದಳು.

ಓದು ಇಷ್ಟೇ. ತೋಳ ಹೆದರಿದರೆ ಅದರ ಮೈಯಲ್ಲಿ ಒಂದು ಹಾರ್ಮೋನು ಏರುತ್ತದೆ, ಅದರ ಗುರುತು ಹಿಕ್ಕೆಯಲ್ಲಿ ಉಳಿಯುತ್ತದೆ. ಕುರಿಹಿಂಡಿನ ಆಸುಪಾಸಿನಲ್ಲಿ ಬದುಕುವ ತೋಳಕ್ಕೆ ಎಷ್ಟು ಒತ್ತಡ ಎಂದು ಅಳೆಯುವುದು ನನ್ನ ಪಿಎಚ್‌ಡಿ ವಿಷಯ. ನನ್ನ ಒತ್ತಡವನ್ನು ಅಳೆಯುವ ಯೋಜನೆ ವಿಶ್ವವಿದ್ಯಾಲಯದಲ್ಲಿ ಇರಲಿಲ್ಲ.

ಹಿಕ್ಕೆ ಹುಡುಕಲು ನನಗಿದ್ದದ್ದು ಎರಡು ಜಾಗ. ಘೋಡಗೇರಿ ಕಡೆ ಒಬ್ಬಳೇ ತಿರುಗುತ್ತಿದ್ದೆ. ಮಮದಾಪುರದ ಗುಡ್ಡದಲ್ಲಿ ಮಾತ್ರ ನನಗೊಂದು ಆಸರೆ ಇತ್ತು, ಕುರಿ ಕಾಯುವ ಕುಟುಂಬದ ಬಿಡಾರ. ಅಲ್ಲಿನ ಹಿರಿಯಳನ್ನು ನಾನೂ ಎಲ್ಲರಂತೆ ಆಯಿ ಎನ್ನುತ್ತಿದ್ದೆ. ಹೆಕ್ಕಿದ್ದನ್ನು ಕಾಗದದ ಪೊಟ್ಟಣದಲ್ಲಿ ಮಡಿಚಿ ಅವರ ಕಂಬಳಿಯ ನೆರಳಲ್ಲಿ ಒಣಗಲು ಇಡುತ್ತಿದ್ದೆ. ಆಯಿ ಕೊಟ್ಟ ರೊಟ್ಟಿ, ಖಾರದ ಹಿಂಡಿ ಉಂಡು ಅಲ್ಲೇ ಒಂದು ಕಣ್ಣು ನಿದ್ದೆ ತೆಗೆಯುತ್ತಿದ್ದೆ. ಎದ್ದಾಗ ಪೊಟ್ಟಣಗಳು ನಾನು ಮಡಿಚಿದ್ದಕ್ಕಿಂತ ಅಚ್ಚುಕಟ್ಟಾಗಿ ಕಾಣುತ್ತಿದ್ದವು. ನನ್ನ ಕೈ ಪಳಗುತ್ತಿದೆ ಎಂದು ಬೀಗಿದ್ದೆ.

ಲ್ಯಾಬಿನಿಂದ ಫಲಿತಾಂಶ ಬಂದ ದಿನ ಗೈಡ್ ಸರ್ ಕುರ್ಚಿಯಿಂದ ಎದ್ದು ನಿಂತರು. ನನಗಾಗಿ ಅವರು ಎದ್ದದ್ದು ಅದೇ ಮೊದಲು. ಮಮದಾಪುರದ ಮಾದರಿಗಳಲ್ಲೆಲ್ಲ ಅರಿಶಿನ! ಘೋಡಗೇರಿಯವುಗಳಲ್ಲಿ ಒಂದು ಚೂರೂ ಇಲ್ಲ. ಮೇಲಾಗಿ, ಅರಿಶಿನ ಇದ್ದ ಕಡೆ ಹಾರ್ಮೋನಿನ ಅಂಕಿ ನೆಲ ಕಚ್ಚಿತ್ತು.

"ಈ ಸೀಮೆಯಲ್ಲಿ ಅರಿಶಿನ ಬೆಳೀತಾರೆ ಅಲ್ವಾ? ತೋಳ ತಾನೇ ಔಷಧಿ ಮಾಡ್ಕೊಳ್ತಿದೆ ಕಣಮ್ಮ! ಗಡ್ಡೆ ತಿಂದು ಒತ್ತಡ ಇಳಿಸ್ಕೊಳ್ತಿದೆ!" ಎಂದರು ಸರ್. ಸಂಜೆಯೊಳಗೆ ಇಡೀ ವಿಭಾಗಕ್ಕೆ ಪೇಡೆ ಹಂಚಿದರು. ತೋಳ ಅರಿಶಿನ ತಿನ್ನುವ ಒಂದು ಫೋಟೋ ಸಿಕ್ಕರೆ ನನ್ನ ಪ್ರಬಂಧ ಮುಗಿದಂತೆಯೇ ಎಂದೂ ಹೇಳಿದರು.

ತುಕ್ಕಾನಟ್ಟಿಯ ಅರಿಶಿನದ ಹೊಲವೊಂದರ ಬದುವಿನ ಮೇಲೆ ಹನ್ನೆರಡು ದಿನ ಕ್ಯಾಮೆರಾ ಹಿಡಿದು ಕೂತೆ. ಹೊಲದ ಯಜಮಾನರು ಮೂರು ದಿನ ಸುಮ್ಮನೆ ನೋಡಿ ನಾಲ್ಕನೆಯ ದಿನ ಕೇಳಿಯೇಬಿಟ್ಟರು.

"ಏನ್ ಹುಡಕಾಕತ್ತೀರಿ ಬಾಯಾರ?"

"ತ್ವಾಳ ಬಂದು ಅರಿಶಿನ ತಿಂತಾವಂತ್ರಿ, ಅದನ್ನ ನೋಡಾಕ."

"ನಮ್ಮ ಎಮ್ಮಿನೂ ಇದನ್ನ ಮೂಸೂದಿಲ್ರಿ. ಬಿಸಲಾಗ ಕೂಡಬ್ಯಾಡ್ರಿ, ಮನಿಗಿ ಬಂದು ಚಾ ಕುಡೀರಿ" ಎಂದರು. ಸಂಶೋಧನೆಯ ಬಗ್ಗೆ ನನಗೆ ಸಿಕ್ಕ ಅತಿ ಪ್ರಾಮಾಣಿಕ ವಿಮರ್ಶೆ ಅದು.

ಹದಿಮೂರನೆಯ ದಿನ ಬರಿಗೈಯಲ್ಲಿ ಮಮದಾಪುರಕ್ಕೆ ಹೋದೆ. ಆಯಿ ನೀರು ಕೊಡುತ್ತಲೇ ಕೇಳಿದಳು, "ಪಾಸಾದೀ ಏನ ತಂಗಿ? ಆಗಾಕ ಬೇಕು. ಒಂದ ಪೊಟ್ಟಣಾನೂ ಬಿಡದಂಗ ಭಂಡಾರ ಹಾಕೇನಿ."

ಭಂಡಾರವೆಂದರೆ ಹಣೆಗೆ ಹಚ್ಚಿಕೊಳ್ಳುವ ದೇವರ ಅರಿಶಿನದ ಪುಡಿ. ಚೊಂಬನ್ನು ಕೆಳಗಿಟ್ಟೆ.

"ಯಾಕ ಹಾಕಿದಿ ಆಯಿ?"

"ಹಿಂಡಿನ್ಯಾಗಿಂದ ಏನ ಹೊರಗ ಹೋದ್ರೂ ಭಂಡಾರ ಹಾಕೇ ಕಳಸೂದು. ಕುರಿ ಮಾರಿದ್ರೂ ಅಷ್ಟ, ಮಗಳನ್ನ ಗಂಡನ ಮನಿಗಿ ಕಳಸಿದ್ರೂ ಅಷ್ಟ. ನೀ ಬಿಸಲಾಗ ಅಡ್ಡಾಡಿ ಆರಿಸಿದ್ದು, ಹಂಗ ಹೆಂಗ ಕಳಸ್ಲಿ?"

ನಾನು ಮಲಗಿದಾಗ ಪ್ರತಿ ಪೊಟ್ಟಣವನ್ನೂ ಬಿಚ್ಚಿ, ಒಂದು ಚಿಟಿಕೆ ಹಾಕಿ, ಮತ್ತೆ ಮಡಿಚಿಟ್ಟಿದ್ದಳು. ತೋಳದ ಒತ್ತಡ ಇಳಿದಿರಲಿಲ್ಲ, ಪುಡಿ ಬೆರೆತು ಹಾರ್ಮೋನಿನ ಅಳತೆಯೇ ಕೆಟ್ಟಿತ್ತು. ತೋಳದ ಹಿಕ್ಕೆ ಮುಟ್ಟಲು ನನ್ನ ಸ್ವಂತ ಅಕ್ಕ ಒಪ್ಪಿರಲಿಲ್ಲ. ನನಗೆ ಅಳು ಬಂತು, ಜೊತೆಗೆ ಕೆಟ್ಟ ಸಿಟ್ಟೂ ಬಂತು. ಆಯಿಗೆ ಏನೂ ಹೇಳಲಿಲ್ಲ.

ಸರ್‌ಗೆ ಹೇಳಿದೆ. ಅವರು ಎದ್ದು ಬಾಗಿಲು ಹಾಕಿಬಂದರು. "ಆ ಅಜ್ಜಿ ಪೇಪರ್ ಓದ್ತಾಳಾ? ನೀನು ಬಾಯಿ ಬಿಡದಿದ್ರೆ ಯಾರಿಗೆ ಗೊತ್ತಾಗುತ್ತೆ? ಪೇಡೆ ಬೇರೆ ಹಂಚಿಬಿಟ್ಟಿದ್ದೀನಿ."

ಸುಳ್ಳು ಯಾಕೆ ಹೇಳಲಿ, ಒಂದು ವಾರ ಬಾಯಿ ಬಿಡಲಿಲ್ಲ. ಲೇಖನದ ಕರಡು ಬರೆದೆ. ಹೆಸರಿನ ಮುಂದೆ ಡಾಕ್ಟರ್ ಎಂದು ಸೇರಿಸಿ ಎರಡು ಥರ ಸಹಿ ಕೂಡ ಮಾಡಿ ನೋಡಿದೆ. "ತೋಳದ ಈ ಜಾಣ್ಮೆ" ಎಂಬ ಸಾಲಿಗೆ ಬಂದಾಗ ಮಾತ್ರ ಕೈ ಮುಂದೆ ಹೋಗಲಿಲ್ಲ. ಯಾರ ಕೈಗುಣವನ್ನು ಯಾರ ಲೆಕ್ಕಕ್ಕೆ ಬರೆಯುತ್ತಿದ್ದೇನೆ? ನನ್ನ ಮೇಲೇ ಹೇಸಿಗೆಯಾಯಿತು. ಕರಡು ಹರಿದೆ, ಮಾದರಿಗಳು ಕೆಟ್ಟಿವೆ ಎಂದು ವಿಭಾಗಕ್ಕೆ ಬರೆದುಕೊಟ್ಟೆ. ಸರ್ ಎರಡು ತಿಂಗಳು ನನ್ನ ನಮಸ್ಕಾರ ತೆಗೆದುಕೊಳ್ಳಲಿಲ್ಲ. ಕೆಲಸ ಮೊದಲಿನಿಂದ ಶುರುವಾಯಿತು.

ಮತ್ತೆ ಮಮದಾಪುರ, ಮತ್ತೆ ಪೊಟ್ಟಣಗಳು. ಈ ಸಲ ಉಂಡ ಮೇಲೆ ನಾನು ಮಲಗಲಿಲ್ಲ.

"ಇನ್ನಾ ಪಾಸಾಗಿಲ್ಲ ಏನ?" ಎಂದಳು ಆಯಿ.

"ಇನ್ನೊಂದ ವರ್ಷ ಐತಿ ಆಯಿ."

ಅವಳು ಪೊಟ್ಟಣಗಳನ್ನೂ ನನ್ನನ್ನೂ ನೋಡಿ ನಿಟ್ಟುಸಿರು ಬಿಟ್ಟಳು. "ಹ್ವಾದ ಸಲ ಭಂಡಾರ ಕಡಿಮಿ ಬಿತ್ತ ಕಾಣತೈತಿ" ಎಂದು ಸೊಂಟದ ಚೀಲಕ್ಕೆ ಕೈ ಹಾಕಿ ಈ ಬಾರಿ ಹಿಡಿ ತುಂಬ ತೆಗೆದಳು.

ನಾನು ಪೊಟ್ಟಣಗಳ ಮೇಲೆ ಎರಡೂ ಕೈ ಅಡ್ಡ ಇಟ್ಟು, ಅವಳ ಮುಂದೆ ಹಣೆ ಒಡ್ಡಿದೆ.