ಇನ್ನೂ ಬಾರದ ಸೊಸೆಯ ಹೆಸರು

ಮದ್ದೂರಿನ ಬಳೆಗಾರ್ತಿ ಬಿಬಿ ಜಾನ್ ತನ್ನ ಸೊಸೆಯ ಮುಖ ನೋಡುವ ಮೊದಲೇ ಅವಳನ್ನು ಮನೆ ತುಂಬಿಸಿಕೊಂಡಿದ್ದಳು. ನನ್ನ ಕುಲುಮೆಯ ಎದುರಿನ ಮನೆ ಅವಳದು. ನಾವೆಲ್ಲ ಬೀಬಕ್ಕ ಎನ್ನುತ್ತಿದ್ದೆವು. ಬಳೆಯ ಮಲಾರ ಹೊತ್ತು ಬೆಸಗರಹಳ್ಳಿ ಕಡೆಗೆಲ್ಲ ನಡೆದೇ ಹೋಗುವವಳು. ಯಾವ ಮನೆಗೆ ಹೋದರೂ ಮನೆಯಲ್ಲಿರುವ ಹೆಣ್ಣುಮಕ್ಕಳ ಜೊತೆಗೆ ದೂರದ ಊರಿಗೆ ಕೊಟ್ಟ ಮಗಳನ್ನೂ ಲೆಕ್ಕಕ್ಕೆ ಹಿಡಿದು, ಅವಳ ಪಾಲಿನ ಒಂದು ಜೊತೆ ಬಳೆಯನ್ನು ತಾಯಿಯ ಕೈಗೆ ಕೊಡುವುದು ಅವಳ ಕಸುಬಿನ ವಾಡಿಕೆ.

ಅವಳ ಒಬ್ಬನೇ ಮಗ ಶಫೀವುಲ್ಲಾ ಮೋಟಾರು ರಿಪೇರಿ ಕಲಿತು ರಂಗೂನಿಗೆ ಹೋದವನು, ಅಲ್ಲಿಯೇ ಬರ್ಮಾದ ಮುಸಲ್ಮಾನರ ಹುಡುಗಿ ಮಾ ಟಿನ್ ಎಂಬವಳನ್ನು ನಿಕಾ ಮಾಡಿಕೊಂಡ. ಜಪಾನಿನವರು ನುಗ್ಗಿದಾಗ ಅವಳು ಕಾಯಿಲೆಯ ತಾಯಿಯನ್ನು ನೋಡಲು ಮೌಲ್ಮೀನಿಗೆ ಹೋಗಿದ್ದಳು. ದಾರಿ ಮುಚ್ಚಿತು. ಇವನು ಕಾಡು ಹಾದು, ಚಳಿಜ್ವರ ತಿಂದು, ಮೂಳೆ ಚಕ್ಕಳವಾಗಿ ಮದ್ದೂರು ಸೇರಿದ. ನಿಕಾ ಕಾಗದವಿದ್ದ ಟ್ರಂಕು ರಂಗೂನಿನಲ್ಲೇ ಸುಟ್ಟುಹೋಯಿತು. ಆಮೇಲೆ ಮಳವಳ್ಳಿ ರಸ್ತೆಯಲ್ಲಿ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುತ್ತಿದ್ದ ಬಸ್ಸುಗಳನ್ನು ರಿಪೇರಿ ಮಾಡಿಕೊಂಡು, ಮಾತು ಕಡಿಮೆ ಮಾಡಿ ಬದುಕಿದ.

ಯುದ್ಧ ಮುಗಿದ ಮಾರನೆಯ ವರ್ಷ ಮೌಲ್ಮೀನಿನಿಂದ ಕಾಗದ ಬಂತು. ಬದುಕಿದ್ದೇನೆ, ಕರೆಸಿಕೊಳ್ಳಿ ಎಂದಿತ್ತು. ಅಂದು ಶಫೀ ಕುಲುಮೆಯ ಮುಂದೆ ಕೂತು ಮಗುವಿನ ಹಾಗೆ ಅತ್ತ.

ಕರೆಸಲು ಪರ್ಮಿಟ್ ಬೇಕು. ಇಂಗ್ಲಿಷಿನ ಫಾರಂ, ನಾಲ್ಕು ಪುಟ. ತಾಲ್ಲೂಕು ಕಚೇರಿ ಜಗಲಿಯಲ್ಲಿ ಅರ್ಜಿ ಬರೆಯುತ್ತಿದ್ದ ವೆಂಕಟರಾಮಯ್ಯನವರು ಮೂರು ದಿನ ಕೂತು ತುಂಬಿದರು. ಗಂಡನ ಮನೆಯ ವಿಳಾಸಕ್ಕೆ ಆಧಾರ ಕೇಳಿದ್ದ ಕಡೆ ರೇಷನ್ ಕಾರ್ಡನ್ನು ಲಗತ್ತಿಸಿದರು. ನಂಬರು ನೋಡಿದರೇ ಹೊರತು ಒಳಗಿನ ಹೆಸರುಗಳನ್ನು ಓದಲಿಲ್ಲ.

ಎಂಟು ದಿನಕ್ಕೆ ಅಮಲ್ದಾರರಿಂದ ಕರೆ ಬಂತು. ಜೊತೆಗಿರಲಿ ಎಂದು ತಾಯಿ ಮಗ ನನ್ನನ್ನೂ ಕರೆದುಕೊಂಡು ಹೋದರು. ಅಮಲ್ದಾರರು ಕಾರ್ಡು ಬಿಚ್ಚಿ ಮೇಜಿನ ಮೇಲಿಟ್ಟರು.

"ಏನಮ್ಮ, ನಿನ್ನ ಸೊಸೆ ಮೂರು ವರ್ಷದಿಂದ ಮದ್ದೂರಲ್ಲೇ ಇದಾಳೆ ಅಂತಿದೆ ಇಲ್ಲಿ. ಮನೇಲಿರೋಳನ್ನ ಕರೆಸೋಕೆ ಪರ್ಮಿಟ್ ಯಾಕೆ?"

ಶಫೀ ಕಾರ್ಡಿನ ಮೇಲೆ ಬಗ್ಗಿ ನೋಡಿದ. ತಾಯಿ ಅದರಲ್ಲಿ ಸೊಸೆಯ ಹೆಸರನ್ನೂ ಬರೆಸಿದ್ದಾಳೆಂದು ಅವನಿಗೇ ಗೊತ್ತಿರಲಿಲ್ಲ. ಸುಳ್ಳು ಅರ್ಜಿಯೆಂದು ಬರೆದು ಕಳಿಸಿದರೆ ಅವಳು ಬರುವ ದಾರಿ ಮತ್ತೆ ಮುಚ್ಚಿದಂತೆಯೇ.

ಬೀಬಕ್ಕ ತಲೆಯ ಸೆರಗು ಸರಿಮಾಡಿಕೊಂಡಳು. "ಕಾರ್ಡು ಬರ್ಕೊಳಾಕೆ ಬಂದೋರು ಮನೇಲಿ ಏಟು ಜನ ಅಂತ ಕೇಳುದ್ರು ಸ್ವಾಮಿ. ಮೂರು ಅಂದೆ. ಎಲ್ಡು ಅಂದಿದ್ರೆ ನನ್ ಬಾಯಿಂದ್ಲೇ ಅವ್ಳನ್ನ ಸಾಯ್ಸ್‌ದಂಗೆ ಆಯ್ತಿರ್ಲಿಲ್ವಾ?"

ಸೊಸೆಯ ಪಾಲಿನ ಅಕ್ಕಿ ಏನಾಯಿತೆಂದು ಅಮಲ್ದಾರರು ಕೇಳಿದರು. ಹಲಗೂರಿನಿಂದ ಬಂದು ಹಿಂದಿನ ಬೀದಿಯಲ್ಲಿದ್ದ, ಕಾರ್ಡಿಲ್ಲದ ವಿಧವೆ ಅಂಕಮ್ಮನಿಗೆ ಬೀಬಕ್ಕ ವಾರವಾರವೂ ಸುರಿದು ಬರುತ್ತಿದ್ದಳಂತೆ. ಒಂದು ಕಾಳೂ ತನ್ನ ಮಡಕೆಗೆ ಬಿದ್ದಿಲ್ಲವೆಂದಳು. ಅದು ನಿಜ, ಅಂಕಮ್ಮ ಆ ಅಕ್ಕಿಯನ್ನು ಬರ್ಮಾ ಸೊಸೆಯ ಅಕ್ಕಿ ಎನ್ನುವುದನ್ನು ನಾನೇ ಕೇಳಿದ್ದೆ. ಸುಮ್ಮನೆ ಆಡುವ ಮಾತೆಂದುಕೊಂಡಿದ್ದೆ. ಅಮಲ್ದಾರರಿಗೆ ಅದನ್ನು ಹೇಳಿದೆ.

ಅವರು ಲೇಖನಿ ತೆಗೆದು, ಸೊಸೆಯ ಹೆಸರನ್ನು ಹೊಡೆದುಹಾಕುತ್ತೇನೆ, ಹೆಬ್ಬೆಟ್ಟು ಒತ್ತಿಕೊಡು, ಅರ್ಜಿ ಮುಂದಕ್ಕೆ ಕಳಿಸುತ್ತೇನೆ ಎಂದರು. ನನಗೆ ಜೀವ ಬಂದಂತಾಯಿತು. ಬೀಬಕ್ಕ ಮಾತ್ರ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅಮ್ಮೀ, ಒಂದು ಗೆರೆ ತಾನೆ?" ಎಂದು ಶಫೀ ಅಂಗಲಾಚಿದ.

"ಎಳ್ಯಂಗಿದ್ರೆ ನಿನ್ ಎಸ್ರು ಮೇಲೆ ಎಳ್ಕೊ ಓಗ್ಲಾ."

ನನ್ನ ಕಡೆ ತಿರುಗಿ, "ನೀನಾದ್ರೂ ಯೋಳು ಬೋರಣ್ಣ, ಬದುಕಿರೋಳ ಎಸ್ರು ಒಡ್ದಾಕ್ತಾರಾ?" ಎಂದಳು. ನಾನು ಕುಲುಮೆಯಲ್ಲಿ ಕಬ್ಬಿಣವನ್ನು ಬಗ್ಗಿಸಿದವನು, ಆ ಹೆಂಗಸನ್ನು ಬಗ್ಗಿಸುವುದು ನನ್ನ ಕೈಯಲ್ಲಿರಲಿಲ್ಲ. ಶಫೀ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಅದನ್ನು ನೋಡಿ ಅವಳ ದನಿ ಇಳಿಯಿತು.

"ಒಡೀಬ್ಯಾಡಿ ಸ್ವಾಮಿ. ಪಕ್ದಲ್ಲಿ, ಇನ್ನೂ ಬಂದಿಲ್ಲ ಅಂತ ಬರೀರಿ. ಅದುಕ್ಕೆ ಬೇಕಾದ್ರೆ ಒಂದಲ್ಲ, ಅತ್ತೂ ಬೆಳ್ಳು ಒತ್ತೀನಿ."

ಅಮಲ್ದಾರರು ನಕ್ಕರು. ಕನ್ನಡಕ ತೆಗೆದು ಒರೆಸಿಕೊಂಡು ಹಾಗೆಯೇ ಬರೆದರು. ಅಂಕಮ್ಮ ಬಂದು ತನ್ನ ಹೆಸರಿಗೇ ಕಾರ್ಡು ಮಾಡಿಸಿಕೊಳ್ಳಲಿ ಎಂದರು. ಅರ್ಜಿಯ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದದ್ದನ್ನು ಜಗಲಿಯಿಂದ ಒಳಬಂದಿದ್ದ ವೆಂಕಟರಾಮಯ್ಯನವರು ಓದಿ ಹೇಳಿದರು: ನಿಕಾ ಕಾಗದ ಸುಟ್ಟಿದೆ; ಆದರೆ ಪರ್ಮಿಟ್ಟಿನ ಮಾತೇ ಇಲ್ಲದ ಕಾಲದಿಂದ ಈಕೆಯನ್ನು ಈ ಮನೆಯ ಸೊಸೆಯೆಂದು ಅತ್ತೆ ಬರೆಸಿದ್ದಾಳೆ, ಮದುವೆಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಡ.

ಪರ್ಮಿಟ್ ಬರಲು ಐದು ತಿಂಗಳು ಹಿಡಿಯಿತು. ನಲವತ್ತೇಳನೇ ಇಸವಿ ಫೆಬ್ರವರಿಯಲ್ಲಿ ಶಫೀ ಮದ್ರಾಸಿನ ಹಡಗುಕಟ್ಟೆಗೆ ಹೋಗಿ ಹೆಂಡತಿಯನ್ನು ಕರೆತಂದ. ರೈಲಿನಿಂದ ಇಳಿದವಳು ತೆಳ್ಳನೆಯ, ದಣಿದ ಹೆಣ್ಣು. ಕೈಯಲ್ಲೊಂದು ಬಟ್ಟೆಗಂಟು. ಬೀಬಕ್ಕ ಗಂಟನ್ನು ಕಿತ್ತುಕೊಂಡು ಮಗನ ಹೆಗಲಿಗೆ ಎಸೆದಳು. ಸೊಸೆಯ ಮೊಣಕೈ ಹಿಡಿದು ನಡೆಸತೊಡಗಿದಳು. ಇದು ಅಕ್ಕಸಾಲಿಗರ ಮನೆ, ಇಲ್ಲಿ ನೀರು ಸಿಹಿ, ಆ ಮನೆಯವಳ ಜೊತೆ ನನಗೆ ಮಾತಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದಳು. ಅವಳಿಗೆ ಕನ್ನಡ ಬಾರದೆಂದು ಶಫೀ ಹಿಂದಿನಿಂದ ನೆನಪಿಸಿದ.

"ಕೇಳ್ಕಂಡು ಬರ್ಲಿ ಬುಡು," ಎಂದು ಬೀಬಕ್ಕ ಮುಂದಿನ ಮನೆಯತ್ತ ಕೈ ತೋರಿಸಿದಳು.