ಮಾಕಳಿಯ ಗುಲಾಬಿ ಕಡ್ಡಿ

ಪುಟ್ಟೇನಹಳ್ಳಿಯಿಂದ ತಿಂಡಿ ಮುಗಿಸಿ ಹೊರಟೆ. ಮಾಕಳಿಯಲ್ಲಿ ನನ್ನ ಮಗಳು ಮಂಜುಳಾ ಇದ್ದಾಳೆ. ಅವಳನ್ನು ನೋಡಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ನಿಜವಾಗಿ ಹೊರಟಿದ್ದು ಅವಳ ಅತ್ತೆ ಗೌರಮ್ಮನವರ ಅಂಗಳದ ನಾಟಿ ಗುಲಾಬಿಗೆ. ಅಂಥ ವಾಸನೆಯ ಹೂವು ನರ್ಸರಿಗಳಲ್ಲಿ ನನಗೆ ಸಿಕ್ಕಿಲ್ಲ. ಸೋಮವಾರ ಅಂಗಳಕ್ಕೆ ಸಿಮೆಂಟು ಹಾಕಿಸುತ್ತಾರೆ, ಗಿಡ ಕೀಳುತ್ತಾರೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಅಷ್ಟರೊಳಗೆ ಕಡ್ಡಿ ತರದಿದ್ದರೆ ಆ ಗುಲಾಬಿ ಮುಗಿದ ಹಾಗೆ.

ಕೇಳಿದರೆ ಕೊಡುತ್ತಿದ್ದರು. ಆದರೆ ನಮ್ಮ ಕಡೆ ಕಡ್ಡಿ ಕೇಳಿ ತರುವುದಿಲ್ಲ. ಕದ್ದು ತಂದದ್ದೇ ಚಿಗುರುವುದು ಎಂಬ ನಂಬಿಕೆ. ನಮ್ಮ ಬೀದಿಯ ಅರ್ಧ ಗಿಡ ಹೀಗೇ ಬಂದವು. ಬೀಗರ ಮನೆಯಲ್ಲಿ ಮಾತ್ರ ನಾನು ಯಾವತ್ತೂ ಕೈ ಹಾಕಿರಲಿಲ್ಲ.

ಯಶವಂತಪುರದವರೆಗೆ ಒಂದು ಬಸ್ಸು, ಅಲ್ಲಿಂದ ತುಮಕೂರು ರಸ್ತೆಯಲ್ಲಿ ಇನ್ನೊಂದು. ಆಧಾರ್ ತೋರಿಸಿದೆ, ಎರಡೂ ಪುಕ್ಕಟೆ. ಹೆಬ್ಬಾಳದಲ್ಲಿ ಮೊದಲ ಬಸ್ಸು ನಿಂತಲ್ಲೇ ನಿಂತಿತು.

"ಇಳಿದು ನಡಿಯಜ್ಜಿ, ನಮಗಿಂತ ಮುಂಚೆ ಹೋಗ್ತೀಯ" ಎಂದ ಕಂಡಕ್ಟರ್.

"ನೀನೂ ಬಾ, ಜೊತೆಗಾಗುತ್ತೆ" ಎಂದೆ.

ತುಂತುರು ಹಿಡಿದಿತ್ತು. ಕಡ್ಡಿಗೆ ಒಳ್ಳೆಯ ಹವೆ.

ಮಾಕಳಿ ತಲುಪುವಷ್ಟರಲ್ಲಿ ತುಂತುರು ಬಿಟ್ಟಿತ್ತು. ಊಟಕ್ಕೆ ಮುದ್ದೆ, ಮಸ್ಸೊಪ್ಪು. ಉಂಡ ಮೇಲೆ ಗೌರಮ್ಮನವರು, "ಕಾಫಿ ಮಾಡ್ತೀನಿ, ನೀವು ಅಂಗಳದಲ್ಲಿ ಗಾಳಿಗೆ ಕೂತಿರಿ ಅಕ್ಕ" ಎಂದು ಮಗಳನ್ನೂ ಕರೆದುಕೊಂಡು ಒಳಗೆ ಹೋದರು.

ಕಡ್ಡಿಯ ಅಳತೆ ನನಗೆ ಗೊತ್ತಿಲ್ಲದ್ದಲ್ಲ. ಪೆನ್ಸಿಲ್ ದಪ್ಪ, ಗೇಣುದ್ದ, ನಾಲ್ಕೈದು ಗಿಣ್ಣು ಇರಬೇಕು. ಎರಡು ಗಿಣ್ಣು ಮಣ್ಣೊಳಗೆ ಹೋಗಬೇಕು. ಎಳೆಯದಾದರೆ ಬೇರು ಬರುವ ಮುಂಚೆ ಕೊಳೆಯುತ್ತದೆ, ತೀರ ಉದ್ದವಾದರೆ ಒಣಗುತ್ತದೆ. ಆದರೆ ಗೇಣುದ್ದದ ಮುಳ್ಳುಕಡ್ಡಿ ಎಲ್ಲಿ ಬಚ್ಚಿಡಲಿ? ನನ್ನ ಚೀಲ ಒಳಗಿತ್ತು. ಗುಲಾಬಿಯ ಬುಡದಲ್ಲಿದ್ದ ಗೋಣಿತಾಟನ್ನು ಕಸವೆಂದು ಕಾಲಲ್ಲಿ ತಳ್ಳಿ, ಬೆರಳುದ್ದದ ಎಳೆ ಕುಡಿಗಳನ್ನೇ ಚಿವುಟಿದೆ. ಮಡಿಲಿಗೆ ಹಾಕಿಕೊಂಡು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಗಿಡದ ಅಳತೆ ಬಿಟ್ಟು ಕಳ್ಳತನದ ಅಳತೆ ಹಿಡಿದೆ.

ಹೊರಡುವಾಗ ಗೌರಮ್ಮನವರು ಕುಂಕುಮ ಕೊಟ್ಟು, ಎಲೆಯಡಿಕೆ, ತೆಂಗಿನಕಾಯಿ ಹಿಡಿದು ಬಂದರು.

"ಮಡಿಲೊಡ್ಡಿ ಅಕ್ಕ."

ಇಷ್ಟು ವರ್ಷ ಬೀಗರ ಮನೆಗೆ ಬಂದು ಹೋದವಳು, ಇದೊಂದನ್ನು ಮರೆತಿದ್ದೆ.

"ಕೈಗೇ ಕೊಡಿ" ಎಂದೆ.

"ಮುತ್ತೈದೆಗೆ ಕೈಗೆ ಕೊಡೋದಾ? ಅದೆಂಗಾಯ್ತದೆ!" ಎಂದು ಅವರೇ ಸೆರಗು ಎಳೆದರು. ಕುಡಿಗಳೆಲ್ಲ ಅವರ ಕಾಲ ಮೇಲೆ ಉದುರಿದವು.

"ಅಮ್ಮಾ!" ಎಂದಳು ಮಂಜುಳಾ. ಆ ಮನೆಯಲ್ಲಿ ಬಾಳಬೇಕಾದವಳು ಅವಳು. ನನಗೆ ತಲೆ ಎತ್ತಲಾಗಲಿಲ್ಲ.

ಗೌರಮ್ಮನವರು ಒಂದು ಕುಡಿ ಎತ್ತಿ ಬಗ್ಗಿಸಿ ನೋಡಿದರು. "ಇದೇನಕ್ಕ, ಬೆರಳುದ್ದ! ನೀರಾಗಿ ಕೊಳೆತೋಗ್ತದೆ. ಕದಿಯೋರು ಗೇಣುದ್ದ ಕದೀಬಾರ್ದಾ?"

ನಾನು ಬಗ್ಗಿ ಉಳಿದ ಕುಡಿಗಳನ್ನು ಆಯತೊಡಗಿದೆ.

"ಕಾಫಿಗೆ ಅಷ್ಟೊತ್ತು ಯಾಕ್ ಮಾಡ್ದೆ ಅನ್ಕೊಂಡ್ರಿ? ಬೆಳಗ್ಗೇನೇ ಕಡ್ಡಿ ಕತ್ತರಿಸಿ ಗೋಣಿತಾಟಲ್ಲಿ ಸುತ್ತಿ, ನಿಮ್ ಕಣ್ಣಿಗೆ ಬೀಳ್ಲಿ ಅಂತ ಬುಡದಾಗೇ ಇಟ್ಟಿದ್ದೆ!"

ನಾನು ಒದ್ದ ಕಸ ಅದು. ಅವರೇ ಹೋಗಿ ತಂದು ಬಿಚ್ಚಿದರು. ಎಲ್ಲ ಒಂದೇ ಅಳತೆ, ಬುಡ ಓರೆಯಾಗಿ ಕತ್ತರಿಸಿದ್ದು. ಮತ್ತೆ ಸುತ್ತಿ ಕಾಂಪೌಂಡಿನ ಮೇಲಿಟ್ಟರು.

"ಕೈಯಾರೆ ಕೊಟ್ರೆ ಬರಾಕಿಲ್ಲ. ಮಂಜುಳಾ, ನೀನೂ ಮನೆ ಗೋಡೆ ಕಡೆ ತಿರುಗಮ್ಮ. ಊಂ ಅಕ್ಕ, ನಾವೇನೂ ನೋಡ್ತಿಲ್ಲ."

ಹಗಲು ಹೊತ್ತಿನಲ್ಲಿ, ಇಬ್ಬರ ಬೆನ್ನ ಹಿಂದೆ, ಆ ಕಟ್ಟು ತೆಗೆದುಕೊಂಡೆ. ರಸ್ತೆ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಅತ್ತೆ ಸೊಸೆ ಇನ್ನೂ ಹಾಗೇ ಗೋಡೆಗೆ ಮುಖ ಮಾಡಿ ನಿಂತಿದ್ದರು. ಹೋಗಿ ಬರ್ತೀನಿ ಎಂದು ಕೂಗಿ ಹೇಳಲಿಲ್ಲ. ಹೇಳಿದ್ದರೆ ಅವರು ತಿರುಗಿ ನನ್ನ ಮುಖ ನೋಡುತ್ತಿದ್ದರು.