ಒಡಪಿನ ಸರದಿ

ನಾಗಪುರದ ಮನೀಶ್ ನಗರದಲ್ಲಿರುವ ನನ್ನ ಮೈದುನನ ಮನೆಗೆ ಹೊಸ ಸೊಸೆ ಬಂದಿದ್ದಳು. ಗಂಡನ ಹೆಸರು ಸೇರಿಸಿ ಒಡಪು ಹೇಳದೆ ಒಳಗೆ ಬಿಡುವುದಿಲ್ಲವೆಂದು ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಹುಡುಗಿಗೆ ಒಡಪು ಬರುತ್ತಿರಲಿಲ್ಲ. ಮೊಬೈಲಿನ ಎಐಯನ್ನು ಕೇಳಿದಳು. ಅದು ಚಂದ್ರ, ಮಲ್ಲಿಗೆ ಎಲ್ಲ ಸೇರಿಸಿ ಪ್ರಾಸ ಹೊಸೆದುಕೊಟ್ಟಿತು. ಯಾರೂ ನಗಲಿಲ್ಲ. ನಗು ಬರುವಂಥದ್ದು ಕೊಡು ಎಂದು ಮತ್ತೆ ಕೇಳಿದಳು. ಪ್ರಾಸ ಬಂತು, ನಗು ಬರಲಿಲ್ಲ.

“ನನ್ನ ಮಗ ಗೊರಕಿ ಹೊಡಿತಾನ ಅಂತ ಅದಕ್ಕ ಯಾರು ಹೇಳ್ಯಾರವಾ?” ಎಂದಳು ಅವಳ ಅತ್ತೆ. ಆಗ ಎಲ್ಲರೂ ನಕ್ಕು ಅವಳನ್ನು ಒಳಗೆ ಬಿಟ್ಟರು.

ಆಮೇಲೆ ಕೂತು ಒಬ್ಬೊಬ್ಬರೇ ಒಡಪು ಹೇಳತೊಡಗಿದರು. ಸರದಿ ನನ್ನನ್ನು ಬಿಟ್ಟು ಪಕ್ಕದವಳಿಗೆ ಹೋಯಿತು. ಗಂಡ ತೀರಿಕೊಂಡವಳನ್ನು ಒಡಪು ಕೇಳುವುದಿಲ್ಲ. ನನಗೆ ನೋವಾದೀತೆಂದು ನನ್ನವರ ಹೆಸರನ್ನೂ ನನ್ನೆದುರು ಯಾರೂ ಎತ್ತುತ್ತಿರಲಿಲ್ಲ. ಆ ಹೆಸರು ಮನೆಯಲ್ಲಿ ಕೇಳಿಸದಿರುವುದೇ ನನ್ನ ನೋವಾಗಿತ್ತು.

“ತಡೀರಿ, ನಂದೂ ಐತಿ,” ಎಂದೆ.

“ಚಹಾದಾಗ ಬಿಸ್ಕೀಟ ಮುಳುಗಸ್ತಾರ, ಮುರದ ಬಿದ್ರ ಬೇಕರಿಯವಗ ಬೈತಾರ,” ಎಂದು ಶುರುಮಾಡಿ, ಕೊನೆಗೆ ಅವರ ಹೆಸರನ್ನು ಗಟ್ಟಿಯಾಗಿ ಹೇಳಿದೆ.

ಮೊದಲು ನಕ್ಕವನು ಮೈದುನ. ಅಣ್ಣನ ಆ ಬೈಗುಳ ದಿನಾ ಕೇಳಿದವನು ಅವನು. ಅವನ ಹಿಂದೆ ಉಳಿದವರೂ ನಕ್ಕರು.

“ದೊಡ್ಡತ್ತಿ, ಇನ್ನೊಂದು ಹೇಳ್ರಿ,” ಎಂದಳು ಹೊಸ ಸೊಸೆ.

ಮೊಬೈಲಿಗೆ ನಗಿಸಲು ಬರುತ್ತದೋ ಇಲ್ಲವೋ, ಬಲ್ಲವರು ಹೇಳಲಿ. ನನ್ನವರ ಹೆಸರಿನಲ್ಲಿ ನಗಿಸುವ ಕೆಲಸ ನನ್ನದು. ಅದನ್ನು ನಾನು ಬಿಡುವುದಿಲ್ಲ.